ಧ್ವನಿಗಳಿಗೆ ‘ನಾಳೆ ಬರ್ರಿ’ ಅಂದ ಹುಲಿಗೆಮ್ಮ

ಮೂವತ್ತೈದಕ್ಕೇ ನಿವೃತ್ತನಾದವನ ಅನುಭವ ಯಾರಿಗೆ ಬೇಕು ಅನ್ನೋ ಅನುಮಾನ ನನಗೂ ಇದೆ. ಅರವತ್ತಕ್ಕೆ ನಿವೃತ್ತರಾದವರಿಗೆ ಪಿಂಚಣಿ, ಮೊಮ್ಮಕ್ಕಳು, ಮಂಡಿನೋವು ಮೂರೂ ಇರುತ್ತವೆ. ನನಗೆ ಮಂಡಿನೋವು ಮಾತ್ರ ಬಂದಿದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ನಡೀತಿದ್ದ ನಮ್ಮ ಟ್ರಸ್ಟಿನ ಯೋಜನೆ ಮುಗೀತು. ದುಡ್ಡು ಕೊಡುವವರು ಬೇರೆ ಊರಿನ ಕಡೆ ಮುಖ ಮಾಡಿದರು. ಅದರ ಜೊತೆಗೆ ‘ಸಮುದಾಯ ಕಾರ್ಯಕರ್ತ’ ಅನ್ನೋ ನನ್ನ ಹುದ್ದೆಯೂ ಮುಗೀತು. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲಲ್ಲಿ ನನಗೆ ಉಣ್ಣೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಮುಖದ ಮೇಲೆ ಬೆವರು ಇಳೀತಿತ್ತು. “ಮಂಜು ಅಳ್ತಿದಾರೆ” ಅಂತ ನಮ್ಮ ಮೇಡಂ ಕಣ್ಣೊರೆಸಿಕೊಂಡರು. ನಾನು ಸರಿಪಡಿಸಲು ಹೋಗಲಿಲ್ಲ.

ಈಗ ಇನ್ಯಾವುದೋ ಸಂಸ್ಥೆಯವರು ಇದೇ ಕೆಲಸಕ್ಕೆ ಹೊಸಬರನ್ನು ತಗೊಂಡಿದ್ದಾರೆ. ಅವರಲ್ಲಿಬ್ಬರು ಮೊನ್ನೆ ಮನೆಗೆ ಬಂದು, “ಸರ್, ಈ ಕೆಲಸ ಹೆಂಗಿರ್ತೈತ್ರಿ?” ಅಂತ ಕೇಳಿದರು. “ಬಸ್ಸಿನಾಗ ಸೀಟು ಸಿಕ್ರ ಚಲೋ ಇರ್ತೈತಿ” ಅಂದೆ. ಅವರು ನಕ್ಕರು. ನಾನೇನು ತಮಾಷೆ ಮಾಡಿರಲಿಲ್ಲ. ಅವರು ಹೋದ ಮೇಲೆ ಪಾಪ ಅನ್ನಿಸಿ ಇದನ್ನು ಬರೆಯಲು ಕೂತೆ.

ಕೆಲಸ ಇಷ್ಟು. ಸ್ಕಿಜೋಫ್ರೇನಿಯಾ ಇರುವವರ ಮನೆಗೆ ಹೋಗಬೇಕು. ಅದು ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಶತ್ರುಗಳು ಕಾಣಿಸುವ, ಆಮೇಲೆ ನಿಧಾನಕ್ಕೆ ಮನುಷ್ಯನನ್ನು ಮೂಲೆಗೆ ಕೂರಿಸುವ ಕಾಯಿಲೆ. ಗುಳಿಗೆ ತಗೊಂಡರಾ, ನಿದ್ದೆ ಬಂತಾ, ಊಟ ಸೇರ್ತಾ ಅಂತ ಕೇಳಬೇಕು. ಮನೆಯವರಿಗೆ ಧೈರ್ಯ ಹೇಳಬೇಕು. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ವಾಪಸ್, ಮರುದಿನ ಸಿರುಗುಪ್ಪ. ಮೊದಲ ವರ್ಷ ಅರ್ಧ ಮನೆಗಳಲ್ಲಿ “ಅಂಥೋರು ನಮ್ಮನ್ಯಾಗ ಯಾರೂ ಇಲ್ಲ ಬಿಡ್ರಿ” ಅನ್ನೋರು. ಅಷ್ಟು ಹೇಳುವಾಗಲೇ ‘ಅಂಥೋರು’ ನಮಗೆ ಚಾ ತಂದು ಕೊಡ್ತಿದ್ದರು. ಹೊಸಬರು ಇಲ್ಲೇ ತಪ್ಪು ಮಾಡೋದು: ಚಾ ಕುಡಿದು ಎದ್ದು ಬರ್ತಾರೆ. ನೀವು ಇನ್ನೊಂದು ಲೋಟ ಕೇಳಿ. ಚಾ ತಂದವರ ಹತ್ತಿರವೇ ಕೇಳಿ.

ನನಗೆ ಸಣ್ಣವನಿದ್ದಾಗಿಂದ ಒಂದು ಕೆಟ್ಟ ಚಟ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ಸಾಲಿ ಮಾಸ್ತರು, ಬಸ್ ಕಂಡಕ್ಟರ್, ಮದುವೆ ಮನೆಯ ಮೈಕಿನವನು, ಯಾರನ್ನೂ ಬಿಟ್ಟವನಲ್ಲ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಆಸ್ಪತ್ರೆಯ ವರಾಂಡದಲ್ಲಿ ನಮ್ಮ ದೊಡ್ಡ ಡಾಕ್ಟರರನ್ನು ಮಾಡಿ ತೋರಿಸಿದೆ. ಅವರು ಗಡಿ ಕಡೆಯವರು, ಅರ್ಧ ಕನ್ನಡ ಅರ್ಧ ತೆಲುಗು. “ಏಮಯ್ಯಾ, ಗುಳಿಗಿ ನುಂಗಿದೆಯೋ, ಬಚ್ಚಲಕ್ಕ ಹಾಕಿದೆಯೋ, ನಿಜ ಚೆಪ್ಪು” ಅಂತ. ನರ್ಸುಗಳು ನಗುವುದು ನಿಂತಾಗ ನನಗೆ ಗೊತ್ತಾಯಿತು ಹಿಂದೆ ಯಾರು ನಿಂತಿದ್ದಾರೆ ಅಂತ. ಡಾಕ್ಟರು ಕನ್ನಡಕ ಏರಿಸಿಕೊಂಡು, “ಕೆಮ್ಮು ಬಿಟ್ಟೆಯಲ್ಲೋ. ನಾನು ‘ಚೆಪ್ಪು’ ಅನ್ನೋಕೆ ಮುಂಚೆ ಕೆಮ್ಮತೀನಿ” ಅಂದು ಮುಂದೆ ಹೋದರು. ಅವತ್ತಿಂದ ಅವರ ಮುಂದೆ ನಾನು ಬಾಲ ಬಿಚ್ಚಲಿಲ್ಲ. ಕೆಮ್ಮು ಮಾತ್ರ ಸೇರಿಸಿಕೊಂಡೆ.

ನಮ್ಮ ಮೇಡಂ ಮೈಸೂರಿನವರು, ಒಳ್ಳೆಯವರು, ಬಿಳಿ ಬೋರ್ಡಿನ ಮೇಲೆ ಬಹಳ ನಂಬಿಕೆ. ಒಂದು ತರಬೇತಿಯಲ್ಲಿ ಮನೋಸ್ಥೈರ್ಯ ಅಂದರೆ ಏನು ಅಂತ ತೋರಿಸಲು ರಬ್ಬರ್ ಚೆಂಡು ತಂದಿದ್ದರು. “ನೋಡಿ, ಬಿದ್ದರೂ ಪುಟಿದು ಮೇಲೇಳುತ್ತೆ. ನಮ್ಮ ರೋಗಿಗಳಲ್ಲೂ ಈ ಶಕ್ತಿ ಇದೆ” ಅಂತ ನೆಲಕ್ಕೆ ಹೊಡೆದರು. ಚೆಂಡು ಒಂದು ಸಲ ಪುಟಿದು, ಕಿಟಕಿಗೆ ತಾಗಿ, ಉರುಳುತ್ತಾ ಹೋಗಿ ಬೀರುವಿನ ಕೆಳಗೆ ಸೇರಿತು. ಆಫೀಸು ಖಾಲಿ ಮಾಡಿದ ದಿನವೂ ಅದು ಸಿಗಲಿಲ್ಲ. ನಾನು ಇಷ್ಟು ವರ್ಷ ನೋಡಿದವರಲ್ಲಿ ಚೆಂಡಿನ ಹಾಗೆ ಪುಟಿದೆದ್ದವರು ಯಾರೂ ನೆನಪಿಗೆ ಬರುವುದಿಲ್ಲ. ಗೋಡೆ ಹಿಡಿದು ಎದ್ದವರಿದ್ದಾರೆ. ಎದ್ದು, ಸ್ವಲ್ಪ ಹೊತ್ತು ನಿಂತು, ಮತ್ತೆ ಕೂತವರಿದ್ದಾರೆ.

ಆಮೇಲೆ ಕಾಗದ ಹೋಗಿ ಮೊಬೈಲಿನಲ್ಲಿ ಪ್ರಶ್ನೆಗಳು ಬಂದವು. ಹೇಳಿಕೆ ಓದಬೇಕು, ಒಂದರಿಂದ ಐದರೊಳಗೆ ಅಂಕಿ ಒತ್ತಬೇಕು. ಕುರುಗೋಡಿನಲ್ಲಿ ಒಂದು ಮನೆ ಕಟ್ಟೆಯ ಮೇಲೆ ಕೂತು ನಾನು, “ಕಷ್ಟದ ನಂತರ ನಾನು ಬೇಗ ಚೇತರಿಸಿಕೊಳ್ಳುತ್ತೇನೆ” ಅಂತ ಓದಿದೆ. ಕೇಳಿದ್ದು ಹುಲಿಗೆಮ್ಮನನ್ನು. ಉತ್ತರ ಬಂದದ್ದು ಅವಳ ಅತ್ತೆ ನಾಗಮ್ಮನಿಂದ.

“ಬೇಗ ಅಂದ್ರ ಯಾವ ಬಸ್ಸಿಗಲೇ ತಮ್ಮಾ?”

ಈ ಅತ್ತೆ ಸೊಸೆಯರ ಕಥೆ ಹೇಳಿದರೆ ನನ್ನ ಕೆಲಸದ ಬಗ್ಗೆ ಹೇಳಬೇಕಾದದ್ದೆಲ್ಲ ಹೇಳಿದ ಹಾಗೆ.

ಹುಲಿಗೆಮ್ಮನಿಗೆ ಆಗ ಮೂವತ್ತು ದಾಟಿತ್ತು. ಅವಳಿಗೆ ಕಾಯಿಲೆ ಬಂದದ್ದು ಹೆರಿಗೆಯಾಗಿ ಕೆಲವು ವರ್ಷದ ಮೇಲೆ. ದೇವರು, ದರ್ಗಾ, ತಾಯಿತ ಎಲ್ಲ ಮುಗಿಸಿ ಆಸ್ಪತ್ರೆಗೆ ಬಂದರು. ಅಷ್ಟರೊಳಗೆ ಗಂಡ ಬೇರೆ ಊರಿಗೆ ಹೋಗಿ ಬೇರೆ ಸಂಸಾರ ಹೂಡಿದ್ದ. ನಾಗಮ್ಮ ಮಗನ ಹಿಂದೆ ಹೋಗದೆ ಸೊಸೆಯ ಜೊತೆ ಉಳಿದಳು. ಯಾಕಮ್ಮ ಅಂತ ನಾನು ಕೇಳಿದ್ದಕ್ಕೆ, “ಮಗ ಓಡಿಹೋದ. ಸೊಸಿ ಉಳಿದ್ಲು. ಉಳಿದೋರ ಜೊತಿ ಇರಬೇಕಲ್ಲಲೇ” ಅಂದಳು. ಬೋರ್ಡಿನ ಮೇಲೆ ಬರೆಯೋಕೆ ಮೇಡಂಗೆ ಹೇಳೋಣ ಅಂದುಕೊಂಡೆ. ನಾಗಮ್ಮ ತಕ್ಷಣವೇ, “ಮತ್ತ ಈಕಿ ಮಾಡೋ ಚಾ ನನ್ನ ಮಗ ಮಾಡಂಗಿಲ್ಲ” ಅಂತ ಸೇರಿಸಿದಳು.

ಹುಲಿಗೆಮ್ಮ ನಮ್ಮ ಕೈಗೆ ಬಂದಾಗ ಅವಳಿಗಿದ್ದ ಆಸೆ ಒಂದೇ: ಮಗಳು ಪೂಜಾ ವಾಪಸ್ ಬರಬೇಕು. ಮಗಳು ಸಿರುಗುಪ್ಪದಲ್ಲಿ ಹುಲಿಗೆಮ್ಮನ ಅಣ್ಣ ಶರಣಪ್ಪನ ಮನೆಯಲ್ಲಿದ್ದಳು. ಶರಣಪ್ಪ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ, ಕೆಟ್ಟವನಲ್ಲ. ಅವನು ಕಂಡದ್ದು ಹಾಗಿತ್ತು. ಕಾಯಿಲೆ ಜೋರಾಗಿದ್ದಾಗ ಹುಲಿಗೆಮ್ಮ ಅವನ ಮನೆಗೆ ಬಂದಿದ್ದಳು. ಮನೆಗೆ ಬೆಂಕಿ ಹಚ್ಚುತ್ತಾರೆ, ಮಗುವನ್ನು ಉಳಿಸು ಅಂತ ಧ್ವನಿಗಳು ಹೇಳಿದವಂತೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋದವಳು ಕಾಲುವೆಯ ಅಂಚಿನಲ್ಲಿ ನಿಂತಿದ್ದಾಗ ಶರಣಪ್ಪ ಓಡಿಹೋಗಿ ಹಿಡಿದುಕೊಂಡ. ಅವಳ ಮಟ್ಟಿಗೆ ಅವಳು ಮಗಳನ್ನು ಕಾಪಾಡುತ್ತಿದ್ದಳು. ಅವನ ಮಟ್ಟಿಗೆ ಇನ್ನೊಂದು ಹೆಜ್ಜೆ ಉಳಿದಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಬಹಳ ಸುಸ್ತಾಗುವುದು ಇಂಥಲ್ಲೇ. ಬೈಯೋಣ ಅಂದರೆ ಯಾರೂ ಸಿಗುವುದಿಲ್ಲ.

ಗುಳಿಗೆ ಹಿಡಿಸಿದವು. ಕೈ ನಡುಕ ಬಂತು, ಮೈ ಬಂತು, ಮಧ್ಯಾಹ್ನಕ್ಕೆಲ್ಲ ತೂಕಡಿಕೆ. ಡಾಕ್ಟರು ಗುಳಿಗೆ ಬದಲಿಸಿ, ಅಳತೆ ತಗ್ಗಿಸಿ ಒಂದು ಹದಕ್ಕೆ ತಂದರು. ಬೆಂಕಿ ಹಚ್ಚುವವರು ಹೋದರು. ಆದರೆ ಧ್ವನಿಗಳು ಪೂರ್ತಿ ಹೋಗಲಿಲ್ಲ. ಮೂರು ಜನ ಗಂಡಸರು, ಒಬ್ಬಳು ಮುದುಕಿ. ಬೈಯುವುದು ಅವರ ಕೆಲಸ. “ನಮ್ಮ ಅತ್ತಿ ಬೈಗುಳ ಅದರ ಮುಂದ ಏನೂ ಅಲ್ಲ” ಅಂತಿದ್ದಳು. ನಾಗಮ್ಮನಿಗೆ ಅದು ಸ್ವಲ್ಪ ಅವಮಾನವೇ ಆಗುತ್ತಿತ್ತು.

ಅವಳು ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಗೆ ಹೋಗತೊಡಗಿದಳು. ಹೊಲಿದು ಬಂದ ಪ್ಯಾಂಟಿನಿಂದ ಹೊರಗೆ ಚಾಚಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ಮಷೀನು ಓಡುವಾಗ ಧ್ವನಿಗಳು ಸುಮ್ಮನಿರುತ್ತಿದ್ದವು. ಕಷ್ಟ ಊಟದ ಹೊತ್ತಿನಲ್ಲಿ. ಎಲ್ಲ ಮಷೀನು ನಿಂತು, ಹೆಂಗಸರು ಬುತ್ತಿ ಬಿಚ್ಚಿದ ಕೂಡಲೇ ಈ ನಾಲ್ವರೂ ಪಂಕ್ತಿಗೆ ಬಂದು ಕೂರುವರು.

ಅದೇ ಕಾಲಕ್ಕೆ ಅವಳ ಮಾಸಾಶನದ ಸಲುವಾಗಿ ನಾವು ಮೂವರೂ ಒಂದು ಕಚೇರಿಗೆ ತಿರುಗುತ್ತಿದ್ದೆವು. ಯಾವ ಕಚೇರಿ ಅನ್ನೋದು ಬೇಡ, ಎಲ್ಲ ಕಚೇರಿಯೂ ಅಂದುಕೊಳ್ಳಿ. ಅಲ್ಲಿ ಒಬ್ಬ ಗುಮಾಸ್ತರು. ತಲೆ ಎತ್ತುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ, ಸಿಟ್ಟಂತೂ ಮೊದಲೇ ಇಲ್ಲ. ಯಾರು ಬಂದರೂ ಒಂದೇ ರಾಗ: “ಸಾಹೇಬ್ರು ಇಲ್ಲ. ನಾಳೆ ಬರ್ರಿ.” ಒಂದು ದಿನ ಹೊರಗೆ ಬೇವಿನ ಮರದ ಕೆಳಗೆ ಕೂತಾಗ ನನಗೆ ತಡೆಯಲಾಗಲಿಲ್ಲ. ಕಣ್ಣು ಅರ್ಧ ಮುಚ್ಚಿ, ಬೆರಳಿಗೆ ಉಗುಳು ಹಚ್ಚಿ ಇಲ್ಲದ ಕಾಗದ ತಿರುವುತ್ತಾ, “ಸಾಹೇಬ್ರು ಇಲ್ಲ. ನಾಳೆ ಬರ್ರಿ” ಅಂದೆ.

ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಿಲ್ಲಿಸಲು ಆಗದೆ ಮರಕ್ಕೆ ಒರಗಿದಳು.

ನಾಗಮ್ಮ ನನ್ನ ತೋಳು ಹಿಡಿದಳು. “ಲೇ ಮಂಜ, ಇನ್ನೊಮ್ಮಿ ಮಾಡಲೇ. ಏಸು ವರ್ಷಾತೋ ಈಕಿ ನಕ್ಕು.”

ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆಯೂ ಮಾಡಿದೆ. ಆಮೇಲೆ ಒಳಗೆ ಹೋದೆವು. ಸಾಹೇಬರು ಇರಲಿಲ್ಲ.

ಕೆಲವು ವಾರ ಬಿಟ್ಟು ಕುರುಗೋಡಿಗೆ ಹೋದಾಗ, ಊಟದ ಹೊತ್ತು ಈಗ ಹೆಂಗಕ್ಕ ಅಂತ ಕೇಳಿದೆ. ಹುಲಿಗೆಮ್ಮ ಸುತ್ತ ನೋಡಿ, ಗುಟ್ಟು ಹೇಳುವವಳ ಹಾಗೆ ಹತ್ತಿರ ಸರಿದಳು.

“ನಿನ್ನ ಗುಮಾಸ್ತರನ್ನ ಕುಂದ್ರಿಸೀನಿ ತಮ್ಮಾ.”

“ಎಲ್ಲಿ?”

“ಇಲ್ಲಿ,” ಅಂತ ಹಣೆ ಮುಟ್ಟಿ ತೋರಿಸಿದಳು. “ಮೊದ್ಲ ನಾನು ಅವರಿಗೆ ತಿರುಗಿ ಬೈತಿದ್ದೆ, ಅಳ್ತಿದ್ದೆ. ಅವರು ಇನ್ನ ಜೋರು ಆಗ್ತಿದ್ರು. ಈಗ ತಲಿ ಎತ್ತಂಗಿಲ್ಲ. ಸಾಹೇಬ್ರು ಇಲ್ಲ, ನಾಳೆ ಬರ್ರಿ ಅಂತೀನಿ. ಸ್ವಲ್ಪ ಹೊತ್ತು ಗೊಣಗ್ತಾರ. ಬ್ಯಾಸರಾಗಿ ಹೋಗ್ತಾರ.”

“ಮತ್ತ ನಾಳೆ?”

“ನಾಳೆ ಬರ್ತಾರ. ನಾಳಿಗೂ ಅದ ಮಾತು.”

ನನಗೆ ಖುಷಿಗಿಂತ ಹೆದರಿಕೆ ಹೆಚ್ಚಾಯಿತು. ಕಾಯಿಲೆಯ ಜೊತೆ ನನ್ನ ಗಂಟಲೂ ಅವಳ ತಲೆಯೊಳಗೆ ಸೇರಿತಲ್ಲಪ್ಪಾ ಅಂತ ಓಡಿಹೋಗಿ ಡಾಕ್ಟರ ಮುಂದೆ ನಿಂತೆ. ಅವರು ಪೂರ್ತಿ ಕೇಳಿ, ಕೆಮ್ಮಿ, “ಗುಳಿಗಿ ನಿಲ್ಲಿಸಿಲ್ಲ ಕದಾ?” ಅಂದರು.

“ಇಲ್ರಿ.”

“ಆಕಿಗೆ ಗೊತ್ತೈತಾ, ಗುಮಾಸ್ತರನ್ನ ಕೂರಿಸಿದ್ದು ತಾನೇ ಅಂತ?”

“ಗೊತ್ತೈತ್ರಿ. ನಗ್ತಾಳ.”

“ಮತ್ತಿನ್ನೇನು! ಗುಳಿಗಿ ಬಾಗಿಲು ಕಾಯ್ತೈತಿ, ಈಕಿ ಮನಿ ನಡಿಸ್ತಾಳ. ಎರಡೂ ಬೇಕು. ನೀನು ಹೋಗಿ ಚಾ ಕುಡಿ.”

ಹೊಸಬರಿಗೆ ಇದೊಂದು ಮಾತು ನೆನಪಿರಲಿ. ಗುಮಾಸ್ತರನ್ನು ಎಲ್ಲರಿಗೂ ಹಂಚಲು ಹೋಗಬೇಡಿ. ನಾನು ಹೋಗಿದ್ದೆ. ಸಂಗನಕಲ್ಲಿನಲ್ಲಿ ಒಬ್ಬರು ನಡುವಯಸ್ಸಿನವರು, ಮಾತೇ ಆಡದವರು. ಅವರ ಮುಂದೆ ಗುಮಾಸ್ತ, ಕಂಡಕ್ಟರ್, ಡಾಕ್ಟರು ಎಲ್ಲ ವೇಷ ಹಾಕಿ ಬೆವರು ಒರೆಸಿಕೊಂಡೆ. ಅವರು ನನ್ನನ್ನೇ ನೋಡಿ, ಗೋಡೆ ಕಡೆ ತಿರುಗಿ ಕೂತರು. ಅವರ ಅಣ್ಣ, “ಪಾಪ, ನಿಮಗ ಏನಾಗೈತ್ರಿ?” ಅಂತ ನನ್ನನ್ನು ಕೇಳಿದರು. ಆಮೇಲಾಮೇಲೆ ನಾನು ಹೋದಾಗ ಆ ಮಾತಾಡದವರೇ ಒಂದು ಸ್ಟೂಲು ತಂದು ಇಡಲು ಶುರು ಮಾಡಿದರು. ವರ್ಷಗಳು ಕಳೆದ ಹಾಗೆ ಆ ಸ್ಟೂಲು ಬಾಗಿಲಿಂದ ಸ್ವಲ್ಪ ಒಳಗೆ ಬಂತು. ಅಷ್ಟೇ. ಮೊಬೈಲಿನಲ್ಲಿ ಅದಕ್ಕೆ ಯಾವ ಅಂಕಿ ಒತ್ತಬೇಕು ಅಂತ ನನಗೆ ಕಡೇವರೆಗೂ ಗೊತ್ತಾಗಲಿಲ್ಲ.

ಹುಲಿಗೆಮ್ಮ ಕೆಲಸದಲ್ಲಿ ನಿಂತಳು ಅಂತ ಖಾತ್ರಿಯಾದ ಮೇಲೆ, ಮಗಳ ಮಾತೆತ್ತಲು ಸಿರುಗುಪ್ಪಕ್ಕೆ ಹೋಗೋಣ ಅಂತ ಠರಾವಾಯಿತು. ಮೇಡಂ ಅದಕ್ಕೊಂದು ತಾಲೀಮು ಏರ್ಪಡಿಸಿದರು. ಇದು ನಮ್ಮ ಪದ್ಧತಿ: ಮನೆಯವರ ಮುಂದೆ ಹೋಗುವ ಮೊದಲು ಆಫೀಸಿನಲ್ಲಿ ನಾಟಕ ಮಾಡಿ ನೋಡುವುದು. ನಾನು ಶರಣಪ್ಪ. ಎದೆ ಉಬ್ಬಿಸಿ, ಹೆಗಲಿಗೆ ಟವೆಲ್ ಹಾಕಿ, ಗಿರಣಿ ಗದ್ದಲದಲ್ಲಿ ಕೂಗಿ ಕೂಗಿ ಒರಟಾದ ಅವನ ದನಿಯಲ್ಲಿ, “ಆ ಧ್ವನಿ ಇನ್ನ ಬರ್ತಾವೇನಬೇ?” ಅಂತ ಕೇಳಿದೆ.

“ಬರ್ತಾವಣ್ಣ” ಅಂದಳು ಹುಲಿಗೆಮ್ಮ.

ಮೇಡಂ ತಡೆದರು. “ಹಾಗಲ್ಲಮ್ಮ. ಅವರಿಗೆ ಅರ್ಥ ಆಗಲ್ಲ, ಗಾಬರಿ ಆಗ್ತಾರೆ. ‘ಈಗ ಆರಾಮಿದೀನಿ’ ಅನ್ನಿ ಸಾಕು.”

ನಾನೂ ತಲೆಯಾಡಿಸಿದೆ. ಆಗ ನಮಗೆಲ್ಲ ಅದೇ ಸರಿ ಅನ್ನಿಸಿತ್ತು. ಕಾಯಿಲೆ ಇಲ್ಲ ಅನ್ನಿಸಿಕೊಂಡವರಿಗೇ ಮನೆಯ ಬಾಗಿಲು ತೆರೆಯುತ್ತದೆ ಅಂತ ನಾವೂ ನಂಬಿದ್ದೆವು. ಹುಲಿಗೆಮ್ಮ ಪಾಠ ಒಪ್ಪಿಸುವ ಹುಡುಗಿಯ ಹಾಗೆ ‘ಈಗ ಆರಾಮಿದೀನಿ’ ಅಂತ ಹೇಳಿ ಹೇಳಿ ಕಲಿತಳು. ನಾಗಮ್ಮ ಮೂಲೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಾ, “ಶರಣಪ್ಪ ಇಷ್ಟು ಚಂದ ಇಲ್ಲ ಬಿಡು” ಅಂದಳು ನನ್ನನ್ನು ನೋಡಿ.

ಒಂದು ಭಾನುವಾರ ಸಿರುಗುಪ್ಪಕ್ಕೆ ಹೋದೆವು. ಬತ್ತದ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು ಬಸ್ಸು ತಡವಾಯಿತು. ಮೈಯೆಲ್ಲ ತೌಡಿನ ಧೂಳು. ಶರಣಪ್ಪನ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಪೂಜಾ ಐದನೇ ಕ್ಲಾಸು, ಎರಡು ಜಡೆ, ಒಳಬಾಗಿಲ ಹತ್ತಿರ ನಿಂತಿದ್ದಳು. ಅತ್ತಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದವಳು, ನಾವು ಒಳಗೆ ಬಂದ ಕೂಡಲೇ ಈಳಿಗೆ ಮಣೆಯನ್ನು ಸದ್ದಿಲ್ಲದೆ ಮಂಚದ ಕೆಳಗೆ ತಳ್ಳಿದಳು. ಹುಲಿಗೆಮ್ಮ ಅದನ್ನು ನೋಡಿದಳು. ವಾರವಿಡೀ ಕೈಯಲ್ಲಿ ಕತ್ತರಿ ಹಿಡಿದೇ ದುಡಿಯುವ ಹೆಂಗಸು ಅವಳು. ಸೆರಗು ಸರಿಮಾಡಿಕೊಂಡಳು.

ಕುಶಲ ಮಾತಾಯಿತು. ಚಾ ಆಯಿತು. ಶರಣಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಅದೇ ಪ್ರಶ್ನೆ ಕೇಳಿದ.

“ಆ ಧ್ವನಿ ಇನ್ನ ಬರ್ತಾವೇನಬೇ?”

ನಾನು ಮನಸ್ಸಿನೊಳಗೆ ಅವಳಿಗೆ ಮಾತು ಎತ್ತಿಕೊಡುತ್ತಿದ್ದೆ. ಆರಾಮಿದೀನಿ ಅನ್ನಕ್ಕ. ಹುಲಿಗೆಮ್ಮ ಮಗಳ ಕಡೆ ನೋಡಿದಳು.

“ಬರ್ತಾವಣ್ಣ.”

ಶರಣಪ್ಪ ಲೋಟ ಕೆಳಗಿಟ್ಟ. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ಕೂತೆ.

“ಬರ್ತಾವ,” ಅಂತ ಅವಳೇ ಮುಂದುವರಿಸಿದಳು. “ಮದ್ಯಾನ ಉಣ್ಣೋ ಹೊತ್ತಿಗೆ ಬರ್ತಾವ. ನಾನು ನಾಳೆ ಬರ್ರಿ ಅಂತೀನಿ, ಹೋಗ್ತಾವ. ಗುಳಿಗಿ ತಗಂತೀನಿ. ಕೆಲಸಕ್ಕ ಹೋಗ್ತೀನಿ. ಸುಳ್ಳು ಹೇಳಿ ಕೂಸಿನ್ನ ಕರ್ಕಂಡು ಹೋದ್ರ, ನಾಳೆ ಆಕಿ ಮುಂದ ನಾನು ಮುಚ್ಚಿಡಬೇಕಾಗ್ತೈತಣ್ಣ. ಮುಚ್ಚಿಡೋದು ನನ್ನ ಕೈಲಿ ಆಗಂಗಿಲ್ಲ. ಅದಕ್ಕ ಹೇಳಾಕತ್ತೀನಿ.”

ನಾಗಮ್ಮ ಎಲೆ ಅಡಿಕೆ ಚೀಲ ಬಿಚ್ಚಿದವಳು ಹಾಗೇ ಕಟ್ಟಿ ಇಟ್ಟಳು ಅಂದರೆ ಸನ್ನಿವೇಶ ನೀವೇ ಊಹಿಸಿ. ಶರಣಪ್ಪ ಎದ್ದು ಬಾಗಿಲವರೆಗೆ ಹೋಗಿ ನಿಂತ. ಅಲ್ಲಿಂದ ಕಾಲುವೆ ಕಾಣುವುದಿಲ್ಲ, ಆದರೆ ಅವನು ನೋಡುತ್ತಿದ್ದದ್ದು ಅದನ್ನೇ ಅಂತ ನನಗೆ ಅನ್ನಿಸಿತು. ಬೆನ್ನು ಹಾಕಿಕೊಂಡೇ ಹೇಳಿದ:

“ಈಗ ಬ್ಯಾಡ ತಂಗಿ. ನಾಳೆ ನೋಡಣ ತಗ.”

ಹುಲಿಗೆಮ್ಮ ನಕ್ಕುಬಿಟ್ಟಳು. ಬೇವಿನ ಮರದ ಕೆಳಗೆ ನಕ್ಕಿದ್ದಳಲ್ಲ, ಅದೇ ನಗು.

“ಯಾಕ ನಗ್ತೀ?” ಅಂದ ಶರಣಪ್ಪ ತಿರುಗಿ.

“ಆ ಮಾತು ನಂದಣ್ಣ. ನನ್ನ ತಲ್ಯಾಗಿನೋರಿಗೆ ನಾನು ದಿನಾ ಅನ್ನೋದು ಅದ. ಅವರು ಒಂದು ದಿನಾನೂ ತಪ್ಪಿಸಂಗಿಲ್ಲ, ನಾಳೆ ಅಂದ್ರ ನಾಳೆ ಬರ್ತಾರ.” ಎದ್ದು ನಿಂತು ಸೀರೆಯ ಧೂಳು ಜಾಡಿಸಿದಳು. “ಹಡದ ತಾಯಿ ನಾನು. ನಾನು ಬರಂಗಿಲ್ಲೇನು?”

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಮುಖ ಸಿಂಡರಿಸಿಕೊಂಡು ಕೂತಿದ್ದೆ. ಕೇಸು ಕೆಟ್ಟಿತು, ಮೇಡಂಗೆ ಏನು ಹೇಳೋದು ಅನ್ನೋದೇ ಚಿಂತೆ. ನಾಗಮ್ಮ ನನ್ನ ಮಗ್ಗುಲಿಗೆ ತಿವಿದಳು. “ಯಾಕಲೇ, ನಿನ್ನ ಮಗಳನ್ನ ಕೊಡಲಿಲ್ಲೇನು?”

ಹುಲಿಗೆಮ್ಮ ಮುಂದಿನ ಭಾನುವಾರ ಹೋದಳು. ಅದರ ಮುಂದಿನ ಭಾನುವಾರವೂ ಹೋದಳು. ಕಾರ್ಖಾನೆಗೆ ಇದ್ದದ್ದೇ ಒಂದು ರಜೆ. ಅದು ಬಸ್ಸಿನಲ್ಲೇ ಕಳೆಯುತ್ತಿತ್ತು. ನೇರ ಬಸ್ಸು ಸಿಗದಿದ್ದರೆ ಬಳ್ಳಾರಿಗೆ ಬಂದು ಬದಲಿಸಬೇಕು. ಗುಳಿಗೆಯ ಜಡಕ್ಕೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿ ಎರಡು ಸಲ ಮುಂದಿನ ಊರಿಗೆ ಹೋಗಿ ಇಳಿದಿದ್ದಾಳೆ. ಮೊದಮೊದಲು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಮಗಳು ಒಳಗಿಂದಲೇ ನೋಡುತ್ತಿದ್ದಳು. ಆಮೇಲೆ ಪೂಜಾ ಹೋಮ್‌ವರ್ಕ್ ಹಿಡಿದುಕೊಂಡು ಕಟ್ಟೆಗೆ ಬಂದಳು. ತಾಯಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೂ ಕೂತು ನೋಡುತ್ತಿದ್ದಳು. ನಾನು ಒಂದೆರಡು ಸಲ ಜೊತೆಗೆ ಹೋದೆ, ಆಮೇಲೆ ಬಿಟ್ಟೆ. ಸಂಬಳ ತಗೊಳ್ಳುವವನಿಗೇ ಬೇಸರ ಬಂದಿತ್ತು. ಅವಳಿಗೆ ಬರಲಿಲ್ಲವೋ, ಬಂದರೂ ಅದಕ್ಕೂ ‘ನಾಳೆ ಬಾ’ ಅಂದಳೋ ಗೊತ್ತಿಲ್ಲ.

ಒಂದು ಸೋಮವಾರ ಅವಳು ಕಾರ್ಖಾನೆಗೆ ಹೋಗುವ ದಾರಿಯಲ್ಲಿ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು, ಏದುಸಿರು ಬಿಡುತ್ತಾ.

“ತಮ್ಮಾ, ನಿನ್ನೆ ಅತ್ತಿಗೆಮ್ಮ ಉಳ್ಳಾಗಡ್ಡಿ ಹೆಚ್ಚಾಕ ಕೊಟ್ಲು.”

“ಈಳಿಗಿ?”

“ಆಕಿನ ತಂದು ನನ್ನ ಮುಂದ ಇಟ್ಲು. ಇಟ್ಟು ಒಳಗ ಹೋದ್ಲು.” ಸ್ವಲ್ಪ ಸುಧಾರಿಸಿಕೊಂಡು, “ನೋಡಾಕೂ ನಿಂದ್ರಲಿಲ್ಲ” ಅಂದಳು.

ಮೇಡಂ ಹಿಂದಿನಿಂದ, “ಏನಾಯ್ತು?” ಅಂತ ಕೇಳಿದರು. “ಉಳ್ಳಾಗಡ್ಡಿ ಹೆಚ್ಚಿದ್ರಂತೆ ಮೇಡಂ” ಅಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಚಾ ತರಿಸಿದರು.

ಇಲ್ಲಿಗೆ ಕಥೆ ಮುಗಿಸಿದರೆ ನಿಮಗೂ ಖುಷಿ, ನನಗೂ ಕೈ ನೋವು ಕಡಿಮೆ. ಆದರೆ ಈ ಕಾಯಿಲೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮಗಳು ಶನಿವಾರ ಕುರುಗೋಡಿಗೆ ಬಂದು ಭಾನುವಾರ ಹೋಗುವಷ್ಟು ಆಗಿತ್ತು. ಆ ಚಳಿಗಾಲದಲ್ಲಿ ಹುಲಿಗೆಮ್ಮ ಮತ್ತೆ ಕೆಟ್ಟಳು. ಗುಳಿಗೆ ಬಿಟ್ಟಿರಲಿಲ್ಲ, ಯಾರ ತಪ್ಪೂ ಇರಲಿಲ್ಲ. ಕೆಲವು ಸಲ ಸುಮ್ಮನೆ ಬರುತ್ತದೆ. ನಾನು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಹಂಚುತ್ತಿದ್ದೆ. ಅತ್ತೆ ಸೊಸೆ ಇಬ್ಬರೂ ಸಾಲಿನಲ್ಲಿ ನಿಂತದ್ದು ಕಾಣಿಸಿತು. ಸೊಸೆಯ ಕಣ್ಣು ಕೆಂಪಗಿದ್ದವು, ಕೈಯಲ್ಲಿ ಬಟ್ಟೆಯ ಚೀಲ.

“ಯಾಕಕ್ಕ?”

“ಗುಮಾಸ್ತರ ಮಾತು ಕೇಳವಲ್ರು ತಮ್ಮಾ,” ಅಂದಳು. “ನಾಳೆ ಅಂದ್ರೂ ಹೋಗವಲ್ರು. ಬೆಂಕಿ ಮಾತು ಮತ್ತ ತೆಗದಾರ. ಹಾಸಿಗಿ ಕೊಡಸು.”

ನಾಗಮ್ಮ ಚೀಲ ತಗೊಂಡು ಹೇಳಿದಳು: “ತಾನ ಬಟ್ಟಿ ತುಂಬ್ಕಂಡ್ಲಲೇ. ಹೊಂಡೋ ಮೊದ್ಲ ಅಣ್ಣಗ ಫೋನ್ ಹಚ್ಚಿ, ಕೂಸಿನ್ನ ಈ ವಾರ ಕಳಿಸಬ್ಯಾಡ, ನಾನಾ ಹೇಳೋತನಕ ಕಳಿಸಬ್ಯಾಡ ಅಂದಾಳ.” ಅಷ್ಟು ಹೇಳಿ ಅತ್ತ ತಿರುಗಿ ಮೂಗು ಒರೆಸಿಕೊಂಡಳು. ಅವಳನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ.

ನಾನು ಸೋತುಹೋದೆ ಅನ್ನಿಸಿತು. ಇಷ್ಟೆಲ್ಲ ಭಾನುವಾರಗಳು ನೀರಿಗೆ ಹೋದವು, ಶರಣಪ್ಪ ಇನ್ನು ಬಾಗಿಲು ತೆರೆಯಲ್ಲ ಅಂದುಕೊಂಡೆ. ಡಾಕ್ಟರ ಕೆಮ್ಮು ಮಾಡಿ ತೋರಿಸುವ ಉತ್ಸಾಹವೂ ನನ್ನಲ್ಲಿ ಉಳಿದಿರಲಿಲ್ಲ.

ಎರಡನೇ ವಾರಕ್ಕೆ ಶರಣಪ್ಪ ಆಸ್ಪತ್ರೆಗೆ ಬಂದ. ತಂಗಿ ಮಲಗಿದ್ದಳು. ಅವನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಟವೆಲ್ ಮಡಚುತ್ತಾ ಬಿಚ್ಚುತ್ತಾ ಕೂತ. ನಾನು ಧೈರ್ಯದ ಮಾತುಗಳನ್ನು ಹುಡುಕುತ್ತಿದ್ದೆ. ಅವನೇ ಶುರು ಮಾಡಿದ.

“ಅವತ್ತು ಕಾಲುವಿ ಹತ್ರ ಆಕಿಗೆ ಏನೂ ಗೊತ್ತಿರಲಿಲ್ರಿ ಸರ್. ನಾನ ಓಡಿದೆ. ಅಲ್ಲಿಂದ ಇಲ್ಲಿತನಕ ನಾನು ಓಡಾಕತ್ತೇನಿ. ಫೋನ್ ಬಂದ್ರ ಎದಿ ಹೊಡ್ಕಂತೈತಿ.” ಟವೆಲ್ ಮತ್ತೆ ಮಡಚಿದ. “ಈ ಸಲ ನನಗಿಂತ ಮೊದ್ಲ ಆಕಿಗೆ ಗೊತ್ತಾತು. ಆಕಿನ ಫೋನ್ ಮಾಡಿದ್ಲು. ಕೂಸಿನ್ನ ಕಳಿಸಬ್ಯಾಡ ಅಂತ ತಾಯಿನ ಅಂದ ಮ್ಯಾಲ... ಇನ್ನ ನಾನು ಕೂಸಿನ್ನ ಯಾರಿಂದ ಕಾಯಬೇಕ್ರಿ?”

ಹೇಳಲು ನನ್ನ ಹತ್ತಿರ ಬೇರೆಯವರ ದನಿಗಳಷ್ಟೇ ಇದ್ದವು.

ಹುಲಿಗೆಮ್ಮ ಮನೆಗೆ ಹೋಗಿ, ಮತ್ತೆ ದಾರ ಕತ್ತರಿಸಲು ಕೂತು, ಊಟದ ಹೊತ್ತಿಗೆ ಗುಮಾಸ್ತರು ಕುರ್ಚಿಗೆ ಮರಳಿದ ಮೇಲೆ ತಾನೇ ಅಣ್ಣನಿಗೆ ಫೋನು ಮಾಡಿದಳು. ಬೇಸಿಗೆ ರಜೆ ಬಿಟ್ಟ ಕೂಡಲೇ ಶರಣಪ್ಪ ಪೂಜಾಳನ್ನು ಕರೆತಂದು ಕುರುಗೋಡಿನ ಮನೆಯಲ್ಲಿ ಬಿಟ್ಟ. ಶಾಲೆಯ ಚೀಲ, ಬಟ್ಟೆಯ ಪೆಟ್ಟಿಗೆ, ವರ್ಗಾವಣೆ ಪತ್ರ ಎಲ್ಲ ಸಮೇತ. ನಾಗಮ್ಮ ಬಾಗಿಲಲ್ಲಿ ನಿಂತು, “ನಾಳೆ ಬರ್ರಿ ಅಂದ್ರ ಏನು ಮಾಡ್ತೀಯಪ್ಪಾ ಈಗ?” ಅಂತ ಕೇಳಿದಳಂತೆ. ಅವನು ನಕ್ಕನೋ ಅತ್ತನೋ ಅನ್ನೋದರ ಬಗ್ಗೆ ಅತ್ತೆ ಸೊಸೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಮಾಸಾಶನವೂ ಬಂತು, ತಡವಾಗಿ. ಸಾಹೇಬರು ಒಂದು ದಿನ ಇದ್ದರು.

ಶಾಲು ಹೊದಿಸಿಕೊಂಡು ಬಂದ ಮೇಲೆ ನಾನು ಬಹಳ ದಿನ ಮನೆಯಲ್ಲೇ ಇದ್ದೆ. ಎಲ್ಲೂ ಹೋಗಲು ಮನಸ್ಸಿರಲಿಲ್ಲ. ಬಸ್ ಸ್ಟ್ಯಾಂಡ್ ಕಂಡರೆ ವಾಪಸ್ ತಿರುಗುತ್ತಿದ್ದೆ. ಇಷ್ಟು ವರ್ಷ ಊರೂರು ತಿರುಗಿ ಜನರ ನಿದ್ದೆ ವಿಚಾರಿಸಿದವನಿಗೆ ನಿದ್ದೆ ಬರುತ್ತಿರಲಿಲ್ಲ. ಯಾರಿಗಾದರೂ ಹೇಳಿದರೆ ‘ಎಲ್ಲರನ್ನೂ ನಗಿಸ್ತಿದ್ದೆಯಲ್ಲೋ, ನಿನಗೇನಾತು?’ ಅಂತಾರೆ ಅಂತ ಸುಮ್ಮನಿದ್ದೆ. ಒಂದು ಭಾನುವಾರ, ಲೆಕ್ಕವಿಲ್ಲ ಪತ್ರವಿಲ್ಲ, ಸುಮ್ಮನೆ ಕುರುಗೋಡಿನ ಬಸ್ಸು ಹತ್ತಿದೆ.

ಪೂಜಾ ಬಾಗಿಲು ತೆರೆದಳು. ಎಂಟನೇ ಕ್ಲಾಸು, ಅಮ್ಮನಿಗಿಂತ ಎತ್ತರ. “ಅವ್ವಾ, ಗುಮಾಸ್ತರು ಬಂದ್ರು” ಅಂತ ಒಳಗೆ ಕೂಗಿದಳು. ಆ ಮನೆಯಲ್ಲಿ ನನ್ನ ಹೆಸರು ಅದೇ. ನಾಗಮ್ಮ ಮಂಚದಲ್ಲಿ ಮಲಗಿದ್ದವಳು ತಲೆ ಎತ್ತಿ, “ಸೊರಗೀಯಲ್ಲಲೇ” ಅಂದು ಮತ್ತೆ ಮಲಗಿದಳು.

ಹುಲಿಗೆಮ್ಮ ಒಳಗಿನಿಂದ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕತ್ತು ಸ್ವಲ್ಪ ವಾರೆ ಮಾಡಿ, ಬಗಲಿಗೆ ಇಲ್ಲದ ಚೀಲ ಏರಿಸಿಕೊಂಡು, ಕೈಯಲ್ಲಿ ಇಲ್ಲದ ಮೊಬೈಲು ಹಿಡಿದು ಕೇಳಿದಳು:

“ನಿದ್ದಿ ಹೆಂಗೈತ್ರಿ? ಊಟ ಸೇರ್ತೈತ್ರಿ? ಮನಸಿನಾಗ ಏನರ ಇದ್ರ ಹೇಳ್ರಿ, ಸಂಕೋಚ ಮಾಡ್ಕಬ್ಯಾಡ್ರಿ.”

ಅದು ನಾನೇ. ಆ ರಾಗ, ಕೊನೆಗೆ ದನಿ ಮೆತ್ತಗೆ ಮಾಡುವ ಆ ಕಳ್ಳತನ, ಎಲ್ಲ ನನ್ನದೇ. ಊರಿನವರನ್ನೆಲ್ಲ ಅಣಕಿಸಿದವನಿಗೆ ತನ್ನ ದನಿ ಕೇಳಿಸಿದ್ದು ಅದೇ ಮೊದಲು. ಪೂಜಾ ಕಿಸಕ್ಕನೆ ನಕ್ಕಳು. ನಾನೂ ನಗಲು ನೋಡಿದೆ.

“ಸಾಹೇಬ್ರು ಇಲ್ಲಕ್ಕ,” ಅಂದೆ. “ನಾಳೆ ಬರ್ರಿ.”

ಹುಲಿಗೆಮ್ಮ ನಗಲಿಲ್ಲ. ಗೋಡೆಗೆ ಒರಗಿಸಿದ್ದ ಚಾಪೆ ತಂದು ನನ್ನ ಮುಂದೆ ಬಿಡಿಸಿದಳು.

“ಆ ಮಾತು ನನ್ನ ಹತ್ರ ನಡಿಯಂಗಿಲ್ಲ ತಮ್ಮಾ. ಕುಂದ್ರು. ನಿದ್ದಿ ಹೆಂಗೈತಿ ಹೇಳು.”

ಈ ಸಲ ಅವಳು ಕೇಳಿದ್ದು ಅವಳ ದನಿಯಲ್ಲೇ. ನನ್ನ ಗಂಟಲಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಕೂತೆ.

“ಬರವಲ್ದಕ್ಕ” ಅಂದೆ.